ಸೊನ್ನೆ ತೋರಿಸಿದ ಮುಳ್ಳು

ಕಳೆದ ತಿಂಗಳು ಅಂಚೆಯವನು ತಂದುಕೊಟ್ಟ ಪೊಟ್ಟಣವೊಂದರಲ್ಲಿ ಅಂಗೈಯಗಲದ, ಗಡಿಯಾರದಂಥ ಒಂದು ವಸ್ತು ಇತ್ತು. ಸ್ಟೀಲಿನ ಕವಚ, ಗಾಜಿನ ಮುಖ, ಬಿಳಿಯ ಬಿಲ್ಲೆಯ ಮೇಲೆ ಸೊನ್ನೆಯಿಂದ 250ರವರೆಗಿನ ಅಂಕಿಗಳು, ಕರಿಯ ಮುಳ್ಳು. ಒಳಗೆ ಅರ್ಧದಷ್ಟು ಉಳಿದಿದ್ದ ತಿಳಿಯಾದ ದ್ರವವು ಕೈಯಲ್ಲಿ ಹಿಡಿದಾಗ ಅತ್ತಿತ್ತ ತೂಗುತ್ತಿತ್ತು. ಮೊಮ್ಮಗಳು ನೋಡಿ, "ಅಜ್ಜ, ಇದರಲ್ಲಿ ಈಗ ಗಂಟೆ ಎಷ್ಟು?" ಎಂದಳು. "ಇದು ಗಂಟೆ ತೋರಿಸುವುದಲ್ಲ ಮಗಾ, ಒತ್ತಡ ತೋರಿಸುವುದು. ಈಗ ಅದನ್ನೂ ತೋರಿಸುವುದಿಲ್ಲ" ಎಂದೆ.

ಕಳಿಸಿದವನು ನನ್ನ ಹಳೆಯ ವಿದ್ಯಾರ್ಥಿ. ಹೆಸರು ಹೇಳಲಾರೆ, ಅವನ ಕಾಲದವರು ಊಹಿಸಿದರೂ ದಯವಿಟ್ಟು ಫೋನ್ ಮಾಡಿ ನನ್ನನ್ನು ಕೇಳಬೇಡಿ. ಉತ್ತರ ಕನ್ನಡದ ಕಡಲಂಚಿನಲ್ಲಿ ಮೀನುಗಾರರ ಮನೆಯಲ್ಲಿ ಹುಟ್ಟಿ, ಮರೈನ್ ಇಂಜಿನಿಯರಿಂಗ್ ಓದಿ, ಹತ್ತು ವರ್ಷ ಸರಕು ಹಡಗುಗಳ ಇಂಜಿನ್ ಕೋಣೆಯಲ್ಲಿ ಬೆವರು ಸುರಿಸಿ, ಈಗ ಸ್ಪೇನ್ ದೇಶದ ಮಯೋರ್ಕಾ ದ್ವೀಪದ ಪಾಲ್ಮಾ ಬಂದರಿನಲ್ಲಿ ತಂಗುವ ಒಂದು ಹಾಯಿಯ ಯಾಟ್‌ನಲ್ಲಿ ಮುಖ್ಯ ಇಂಜಿನಿಯರ್ ಆಗಿದ್ದಾನೆ. ಯಾಟ್ ಎಂದರೆ ಸಿರಿವಂತರ ವಿಹಾರನೌಕೆ. ಮೆಡಿಟರೇನಿಯನ್ ಸಮುದ್ರದ ಇಂಥ ನೌಕೆಗಳಲ್ಲಿ ಅನೇಕವು ಚಳಿಗಾಲದಲ್ಲಿ ರಿಪೇರಿಗಾಗಿ ಪಾಲ್ಮಾಕ್ಕೆ ಬಂದು ನಿಲ್ಲುತ್ತವೆ. ಪೊಟ್ಟಣದೊಡನೆ ಒಂದು ಚೀಟಿ ಇತ್ತು: "ಸರ್, ಈ ವರ್ಷ ಸತ್ತ ಮೂರನೆಯ ಗೇಜ್ ಇದು. ನಿಮಗೆ ಕಳಿಸಲು ಕಾರಣವಿದೆ. ಭಾನುವಾರ ಫೋನ್ ಮಾಡುತ್ತೇನೆ."

ಆ ಭಾನುವಾರದ ಮಾತೇ ಈ ಬರಹಕ್ಕೆ ಮೂಲ. ಆದರೆ ಅದಕ್ಕೆ ಮೊದಲು, ತರಗತಿಯ ಚಟ ಬಿಡದ ಮೇಷ್ಟ್ರು ಗೇಜಿನ ಬಗ್ಗೆ ನಾಲ್ಕು ಮಾತು ಹೇಳಲೇಬೇಕು.

ಒತ್ತಡ ಅಳೆಯುವ ಈ ಉಪಕರಣದ ಒಳಗಿರುವುದು ಒಂದು ಚಪ್ಪಟೆಯಾದ ಲೋಹದ ಕೊಳವೆ. ಅದನ್ನು ಕುಡುಗೋಲಿನ ಹಾಗೆ ಬಾಗಿಸಿ, ಒಂದು ತುದಿಯನ್ನು ಮುಚ್ಚಿರುತ್ತಾರೆ. ತೆರೆದ ತುದಿಯಿಂದ ಎಣ್ಣೆಯೋ ಉಗಿಯೋ ಒತ್ತಿದಾಗ ಚಪ್ಪಟೆ ಕೊಳವೆ ದುಂಡಗಾಗಲು ಹವಣಿಸುತ್ತದೆ; ಹಾಗೆ ಹವಣಿಸುವಾಗ ಬಾಗು ತುಸು ಬಿಚ್ಚಿಕೊಳ್ಳುತ್ತದೆ. ಮುಚ್ಚಿದ ತುದಿ ಕೂದಲೆಳೆಯಷ್ಟು ಸರಿಯುವುದನ್ನು ಒಂದು ಕೊಂಡಿ ಮತ್ತು ಎರಡು ಹಲ್ಲುಚಕ್ರಗಳು ಹಿಗ್ಗಿಸಿ ಮುಳ್ಳನ್ನು ತಿರುಗಿಸುತ್ತವೆ. ಪ್ಯಾರಿಸ್ಸಿನ ಯೂಜೀನ್ ಬೂರ್ಡಾನ್ ಎಂಬಾತ 1849ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಇದರ ಹುಟ್ಟು ಒಂದು ಕೆಟ್ಟುಹೋದ ಕೆಲಸದಿಂದ ಆಯಿತು. ಉಗಿಯಂತ್ರಕ್ಕಾಗಿ ಸುರುಳಿ ಸುತ್ತಿದ ಕೊಳವೆ ಸುತ್ತುವಾಗಲೇ ಚಪ್ಪಟೆಯಾಯಿತು. ಅದನ್ನು ಮತ್ತೆ ದುಂಡಗೆ ಮಾಡಲು ಒಳಗೆ ನೀರಿನ ಒತ್ತಡ ಕೊಟ್ಟಾಗ ಸುರುಳಿಯೇ ಬಿಚ್ಚತೊಡಗಿತು. ಬೇರೆಯವನಾದರೆ ಬೈದುಕೊಂಡು ಕೊಳವೆಯನ್ನು ಗುಜರಿಗೆ ಹಾಕುತ್ತಿದ್ದ. ಬೂರ್ಡಾನ್ ಎಷ್ಟು ಒತ್ತಡಕ್ಕೆ ಎಷ್ಟು ಬಿಚ್ಚುತ್ತದೆ ಎಂದು ನೋಡುತ್ತ ನಿಂತ. ಕಂಡದ್ದನ್ನು ಕಂಡ ಹಾಗೆ ತೆಗೆದುಕೊಳ್ಳುವುದು ಎಂದರೆ ಅದು. ಈ ಮಾತಿಗೆ ಮತ್ತೆ ಬರುತ್ತೇನೆ.

ಹಾಯಿನೌಕೆಗೆ ಹೈಡ್ರಾಲಿಕ್ ಏಕೆ ಎಂದು ನೀವು ಕೇಳಬಹುದು. ಕೂವೆಕಂಬ ಮುಂದಕ್ಕೂ ಹಿಂದಕ್ಕೂ ವಾಲದಂತೆ ಅದರ ತಲೆಯಿಂದ ಎರಡೂ ಕಡೆಗೆ ಉಕ್ಕಿನ ಬಿಗಿಹಗ್ಗಗಳನ್ನು ಕಟ್ಟಿರುತ್ತಾರೆ. ಹಿಂದಿನದಕ್ಕೆ ಬ್ಯಾಕ್‌ಸ್ಟೇ ಎಂದು ಹೆಸರು. ಗಾಳಿ ಜೋರಾದಾಗ ಇದನ್ನು ಬಿಗಿದರೆ ಮುಂದಿನ ಹಗ್ಗದ ಜೋಲು ಕಡಿಮೆಯಾಗಿ ಮುಂಬದಿಯ ಹಾಯಿ ಚಪ್ಪಟೆಯಾಗುತ್ತದೆ. ನೌಕೆ ಗಾಳಿಗೆ ಎದುರಾಗಿ ಚೆನ್ನಾಗಿ ಏರುತ್ತದೆ. ಈ ಬಿಗಿತವನ್ನು ಕೈಯಿಂದ ಕೊಡಲಾಗದು. ಆದ್ದರಿಂದ ಹಗ್ಗದ ಬುಡದಲ್ಲಿ ಒಂದು ಹೈಡ್ರಾಲಿಕ್ ಸಿಲಿಂಡರ್ ಇರುತ್ತದೆ. ಲೆಕ್ಕ ಹಾಕಿ ನೋಡಿ: ಒಳವ್ಯಾಸ 50 ಮಿಲಿಮೀಟರ್, ಅದರೊಳಗಿನ ದಂಡದ ವ್ಯಾಸ 25 ಮಿಲಿಮೀಟರ್ ಇದ್ದರೆ, ಎಳೆಯುವ ಬದಿಯ ವಿಸ್ತೀರ್ಣ ಸುಮಾರು 14.7 ಚದರ ಸೆಂಟಿಮೀಟರ್. 200 ಬಾರ್ ಒತ್ತಡ ಕೊಟ್ಟರೆ ಎಳೆತ ಮೂರು ಟನ್. ಪಾಸ್ಕಲನ ನಿಯಮವನ್ನು ಬಾಯಿಪಾಠ ಒಪ್ಪಿಸಿದ್ದೀರಲ್ಲ, ಅದು ಬದುಕುವ ಜಾಗ ಇದು. ಇಂಥ ವ್ಯವಸ್ಥೆಗಳಲ್ಲಿ ಒತ್ತಡ 350 ಬಾರ್‌ವರೆಗೂ ಹೋಗುವುದುಂಟು. ಮನೆಯ ಪ್ರೆಷರ್ ಕುಕ್ಕರ್ ಸೀಟಿ ಹೊಡೆಯುವುದು ಸುಮಾರು ಒಂದು ಬಾರ್‌ಗೆ. ಅದನ್ನು ನೆನೆದುಕೊಂಡರೆ ನಮ್ಮ ಅಕ್ಕತಂಗಿಯರಿಗೂ ಈ ಅಂಕಿಯ ಗಾತ್ರ ತಿಳಿದೀತು.

ಸಿಲಿಂಡರಿನೊಳಗೆ ಎಷ್ಟು ಒತ್ತಡವಿದೆ ಎಂದು ಹೇಳುವುದು ಈ ಪುಟ್ಟ ಗೇಜ್. ಅದೇ ಒಂದು ಋತುವಿನಲ್ಲಿ ಮೂರು ಸಲ ಸತ್ತಿತು.

ನಮ್ಮ ಹುಡುಗ ಮೊದಲನೆಯದು ಕೆಟ್ಟಾಗ ಹೊಸದು ಹಾಕಿದ. ಎರಡನೆಯದು ಕೆಟ್ಟಾಗಲೂ ಅಷ್ಟೇ. ಕಪ್ತಾನನಿಗೆ ಅತಿಥಿಗಳನ್ನು ಹೊತ್ತಿಗೆ ಸರಿಯಾಗಿ ಮುಂದಿನ ಬಂದರಿಗೆ ಮುಟ್ಟಿಸುವ ಅವಸರ. "ಗೇಜ್ ಅಗ್ಗದ ವಸ್ತು, ಡಜನ್ ತಂದಿಡು" ಎಂದನಂತೆ. ಕೇಡಿನ ಬೇರು ಇರುವುದು ಈ ಅಗ್ಗದಲ್ಲೇ ಎಂದು ನನ್ನ ಅಭಿಪ್ರಾಯ. ಗೇಜಿಗೆ ಸಿಲಿಂಡರಿನಷ್ಟೇ ಬೆಲೆ ಇದ್ದಿದ್ದರೆ ಮೊದಲನೆಯದು ಸತ್ತಾಗಲೇ ಅದು ಹೇಗೆ ಸತ್ತಿತೆಂದು ಯಾರಾದರೂ ಕೇಳುತ್ತಿದ್ದರು. ಬಾಗಿಲಲ್ಲಿ ಕೂತ ಕಾವಲುಗಾರ ಮೂರು ರಾತ್ರಿಯಲ್ಲಿ ಮೂರು ಜನ ಸತ್ತರೆ ನಾಲ್ಕನೆಯವನನ್ನು ಕೂರಿಸುವ ಮನೆಯೊಡೆಯನನ್ನು ನಾವು ಏನೆನ್ನುತ್ತೇವೆ?

ಮೂರನೆಯದನ್ನು ಬಿಚ್ಚಿ ನೋಡಿದಾಗ ಅವನಿಗೆ ಕಾರಣಗಳು ಒಂದೊಂದಾಗಿ ಕಂಡವು. ವ್ಯವಸ್ಥೆಯ ಸುರಕ್ಷಾ ಕವಾಟ ತೆರೆಯುವುದು 350 ಬಾರ್‌ಗೆ. ಗೇಜಿನ ಕೊನೆಯ ಅಂಕಿ 250. ಹಿಂದೆ ಯಾರೋ ಅಂಗಡಿಯಲ್ಲಿ ಸಿಕ್ಕಿದ್ದನ್ನು ತಂದು ಹಾಕಿದ್ದರು. ದಿನನಿತ್ಯದ ಒತ್ತಡ 200ರ ಆಸುಪಾಸು ಇದ್ದುದರಿಂದ ಅದು ಯಾರಿಗೂ ತಪ್ಪೆನಿಸಿರಲಿಲ್ಲ. ಗಾಳಿ ಹೆಚ್ಚಿದ ದಿನ ಮುಳ್ಳು ಅಂಕಿಗಳನ್ನು ದಾಟಿ ಗೂಟಕ್ಕೆ ಒರಗುತ್ತಿತ್ತು. ಹೂಕ್‌ನ ನಿಯಮ ಕಲಿಸುವಾಗ ಸ್ಪ್ರಿಂಗನ್ನು ಅತಿಯಾಗಿ ಎಳೆದರೆ ಅದು ಹಿಂದಿನ ಉದ್ದಕ್ಕೆ ಮರಳುವುದಿಲ್ಲ ಎಂದು ತೋರಿಸಿದ್ದೆನಲ್ಲವೆ? ಬೂರ್ಡಾನ್ ಕೊಳವೆಗೂ ಅದೇ ಗತಿ. ಎಂದಿನ ಒತ್ತಡವು ಗೇಜಿನ ಪೂರ್ಣ ಅಳತೆಯ ಮೂರರಲ್ಲಿ ಎರಡು ಭಾಗದೊಳಗೆ ಇರಬೇಕು ಎಂಬುದು ಬಲ್ಲವರ ಲೆಕ್ಕ.

ಎರಡನೆಯ ಕಾರಣ ಇನ್ನೂ ಸೂಕ್ಷ್ಮ. ಪಂಪಿನ ಪ್ರತಿ ಹೊಡೆತಕ್ಕೂ ಎಣ್ಣೆಯಲ್ಲಿ ಒಂದು ತುಡಿತ ಹುಟ್ಟುತ್ತದೆ. ಹಾಯಿ ಇಳಿಸುವಾಗ ಬಿಡುಗಡೆಯ ಕವಾಟವನ್ನು ಪಟ್ಟನೆ ತಿರುಗಿಸಿದರೆ ಒತ್ತಡ ಒಮ್ಮೆಲೇ ಬಿದ್ದು ಮುಳ್ಳು ಚಾಟಿಯಂತೆ ಹೊಡೆಯುತ್ತದೆ. ಇವುಗಳನ್ನು ಪಳಗಿಸಲೆಂದು ಗೇಜಿನ ಕುತ್ತಿಗೆಯಲ್ಲಿ ಸೂಜಿಮೊನೆಯಷ್ಟು ರಂಧ್ರವಿರುವ ಒಂದು ತಡೆ ಇಡಬೇಕು. ಸ್ನಬ್ಬರ್ ಎನ್ನುತ್ತಾರೆ. ಅಲ್ಲಿ ಅದು ಇರಲೇ ಇಲ್ಲ. ಮುಳ್ಳಿನ ನಡುಕವನ್ನು ತಗ್ಗಿಸಿ ಹಲ್ಲುಚಕ್ರಗಳನ್ನು ಜಾರುವಂತೆ ಇಡುವ ಗ್ಲಿಸರಿನ್ ಸೀಲಿನ ಸಂದಿನಿಂದ ಸೋರಿಹೋಗಿತ್ತು. ಉಪ್ಪುಗಾಳಿ ತನ್ನ ಪಾಲಿನದನ್ನು ಮಾಡಿತ್ತು. ದಿನವೂ ಒಂದೇ ಜಾಗದಲ್ಲಿ ನಡುಗಿ ನಡುಗಿ ಹಲ್ಲುಚಕ್ರದ ನಾಲ್ಕಾರು ಹಲ್ಲುಗಳು ಅಲ್ಲಿ ಮಾತ್ರ ಸವೆದು, ಕೊನೆಗೊಂದು ದಿನ ಹಿಡಿತ ತಪ್ಪಿ ಮುಳ್ಳು ಸೊನ್ನೆಗೆ ಬಿದ್ದಿತ್ತು.

ಸೊನ್ನೆಗೆ ಬಿದ್ದದ್ದೇ ಅಪಾಯ. ಗಾಜು ಒಡೆದ ಗೇಜನ್ನು ಯಾರೂ ನಂಬುವುದಿಲ್ಲ. ಗೂಟಕ್ಕೆ ಒರಗಿ ನಿಂತ ಮುಳ್ಳನ್ನು ನೋಡಿದರೂ ಅನುಮಾನ ಬರುತ್ತದೆ. ಆದರೆ ಸೊನ್ನೆ ಎಂಬುದು ಎಷ್ಟು ಸೌಮ್ಯವಾದ ಅಂಕಿ! ಎಲ್ಲವೂ ಶಾಂತವಾಗಿದೆ, ಬಾ, ಕೈಹಾಕು ಎಂದು ಕರೆಯುವಂತಿರುತ್ತದೆ.

ಅಂದು ನೌಕೆ ಬಂದರಿನಲ್ಲಿ ಕಟ್ಟಿಕೊಂಡಿತ್ತು. ಬಿಡುಗಡೆಯ ಕವಾಟ ತಿರುಗಿಸಿದ್ದರು. ಆದರೆ ಹಳೆಯ ಸೀಲಿನ ಚೂರೊಂದು ಅದರ ದಾರಿಗೆ ಅಡ್ಡ ಸಿಕ್ಕಿ ಎಣ್ಣೆ ಪೂರ್ತಿ ಹಿಂದಿರುಗಿರಲಿಲ್ಲ. ಕೆಲಸಕ್ಕೆ ಮೊದಲು ತುಂಬಬೇಕಾದ ಒಂದು ಮುದ್ರಿತ ನಮೂನೆ ಇದೆ. ಅದರಲ್ಲಿ ಒತ್ತಡ ಎಷ್ಟಿದೆ ಎಂಬ ಒಂದು ಕಾಲಂ. ನಮ್ಮ ಹುಡುಗ ಅಲ್ಲಿ ಸೊನ್ನೆ ಎಂದು ಬರೆದು ಸಹಿ ಮಾಡಿದ. ಅದನ್ನು ಓದಿ ಅವನ ಕೈಕೆಳಗಿನ ಸಹಾಯಕ, ಇಪ್ಪತ್ಮೂರು ವರ್ಷದವನು, ಸ್ಪ್ಯಾನರ್ ಹಿಡಿದು ಗೇಜ್ ಬಿಚ್ಚಲು ಬಗ್ಗಿದ. ಅರ್ಧ ಸುತ್ತು ತಿರುಗಿಸುವಷ್ಟರಲ್ಲಿ ಎಣ್ಣೆ ಸಿಳ್ಳೆ ಹಾಕಿ ಹೊರಟಿತು. ಅವನ ಕೈಗವಸಿನ ಹೊರ ಅಂಚನ್ನು ಬ್ಲೇಡಿನಿಂದ ಕೊಯ್ದ ಹಾಗೆ ಕೊಯ್ದು, ಎದುರಿನ ಗೋಡೆಗೆ ಬಡಿಯಿತು. ಅಂಗೈಗೂ ಆ ಧಾರೆಗೂ ಎರಡು ಬೆರಳಿನ ಅಂತರ.

ನನ್ನ ವಿದ್ಯಾರ್ಥಿಗಳಲ್ಲಿ ಕೆಲವರು ಜೆಸಿಬಿ ಇಟ್ಟುಕೊಂಡಿದ್ದೀರಿ, ಕೆಲವರು ವರ್ಕ್‌ಶಾಪ್ ನಡೆಸುತ್ತೀರಿ. ಅವರಿಗಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಇಷ್ಟು ಒತ್ತಡದ ಎಣ್ಣೆ ಸೂಜಿರಂಧ್ರದಿಂದ ಬಂದರೆ ಚರ್ಮವನ್ನು ತೂರಿ ಒಳಗೆ ಹೋಗುತ್ತದೆ. ಹೊರಗೆ ಕಾಣುವುದು ಮುಳ್ಳು ಚುಚ್ಚಿದಷ್ಟೇ ಗುರುತು. ಮೊದಮೊದಲು ನೋವೂ ಅಷ್ಟಿರುವುದಿಲ್ಲ. ಗಂಟೆಗಳು ಕಳೆದಂತೆ ಕೈ ಊದಿಕೊಂಡು ಒಳಗಿನ ಮಾಂಸ ಕೊಳೆಯತೊಡಗುತ್ತದೆ. ಅರಿಸಿನ ಹಚ್ಚಿ ಮಲಗಿದರೆ ಬೆರಳೋ ಕೈಯೋ ಹೋದೀತು. ತಕ್ಷಣ ದೊಡ್ಡ ಆಸ್ಪತ್ರೆಗೆ ಹೋಗಿ, ಒಳಹೊಕ್ಕಿದ್ದು ಹೈಡ್ರಾಲಿಕ್ ಎಣ್ಣೆ ಎಂದು ವೈದ್ಯರಿಗೆ ಬಿಡಿಸಿ ಹೇಳಬೇಕು. ಸೋರುವ ಹೋಸ್ ಪೈಪಿನ ಮೇಲೆ ಕೈಯಾಡಿಸಿ ತೂತು ಹುಡುಕುವ ಅಭ್ಯಾಸ ನಿಮ್ಮಲ್ಲಿ ಹಲವರಿಗಿದೆ, ನಾನೇ ಕಣ್ಣಾರೆ ಕಂಡಿದ್ದೇನೆ. ರಟ್ಟಿನ ತುಂಡು ಹಿಡಿದು ನೋಡಿರಪ್ಪ.

ಮತ್ತೆ ಆ ಭಾನುವಾರಕ್ಕೆ. ಹುಡುಗ ಇಷ್ಟನ್ನೆಲ್ಲ ಹೇಳಿ ಸ್ವಲ್ಪ ಹೊತ್ತು ಸುಮ್ಮನಾದ. ಬಳಿಕ ಹೇಳಿದ: "ಸರ್, ಆ ಗೇಜ್ ಕೆಟ್ಟಿದೆ ಎಂದು ನನಗೆ ಗೊತ್ತಿತ್ತು. ಅದನ್ನು ಬದಲಾಯಿಸಲಿಕ್ಕೇ ಹೊರಟದ್ದಲ್ಲವಾ ನಾವು? ಗೊತ್ತಿದ್ದೂ ಸೊನ್ನೆ ಬರೆದೆ. ಆ ನಮೂನೆಯಲ್ಲಿ ಆ ಜಾಗಕ್ಕೆ ಸೊನ್ನೆಯೇ ಬರಬೇಕು. ಕೈ ತಾನಾಗಿ ಬರೆಯಿತು. ಒಂದು ಸಲ ಆ ಬ್ಯಾಕ್‌ಸ್ಟೇಯನ್ನು ಕೈಯಿಂದ ಅದುಮಿದ್ದರೆ ಸಾಕಿತ್ತು, ವೀಣೆಯ ತಂತಿಯ ಹಾಗೆ ಬಿಗಿದಿತ್ತು."

ನಾನು ಏನೋ ಸಮಾಧಾನ ಹೇಳಲು ಹೊರಟೆ. ಅವನು ತಡೆದು, "ಸರ್, ಕಲ್ಲಿನ ತೂಕ ನೆನಪಿದೆಯಾ?" ಎಂದ.

ನೆನಪಿರಲಿಲ್ಲ. ಅವನು ಹೇಳಿದ ಮೇಲೆ ಎಲ್ಲವೂ ನೆನಪಾಯಿತು.

ಒಂಬತ್ತನೆಯ ತರಗತಿಯ ಆರ್ಕಿಮಿಡೀಸ್ ತತ್ವದ ಪ್ರಯೋಗ. ಕಲ್ಲನ್ನು ಸ್ಪ್ರಿಂಗ್ ತ್ರಾಸಿಗೆ ತೂಗುಹಾಕಿ ಗಾಳಿಯಲ್ಲಿ ಒಮ್ಮೆ, ನೀರಿನಲ್ಲಿ ಮುಳುಗಿಸಿ ಒಮ್ಮೆ ತೂಗಬೇಕು. ಕಳೆದುಹೋದ ತೂಕ ಹೊರಚೆಲ್ಲಿದ ನೀರಿನ ತೂಕಕ್ಕೆ ಸಮ ಬರಬೇಕು. ನಮ್ಮ ಶಾಲೆಯ ಪ್ರಯೋಗಾಲಯ ಎಂದರೆ ಒಂದು ಬೀರು, ಆ ಬೀರುವಿನಲ್ಲಿ ಎರಡು ತ್ರಾಸು. ಒಂದರ ಮುಳ್ಳು ಸೀಳುಗಂಡಿಯ ಅಂಚಿಗೆ ತಾಗಿ ಅರ್ಧದಲ್ಲೇ ನಿಲ್ಲುತ್ತಿತ್ತು. ಸೊನ್ನೆಯ ದೋಷವಾದರೆ ಕಳೆಯುವ ಲೆಕ್ಕದಲ್ಲಿ ತಾನಾಗಿ ವಜಾ ಆಗುತ್ತದೆ. ಸಿಕ್ಕಿಕೊಳ್ಳುವ ಮುಳ್ಳು ಹಾಗಲ್ಲ. ಇವನಿಗೆ ಆ ತ್ರಾಸು ಸಿಕ್ಕಿತ್ತು. ಗಾಳಿಯಲ್ಲಿ 250 ಗ್ರಾಂ, ನೀರಿನಲ್ಲಿ 160 ಗ್ರಾಂ, ಚೆಲ್ಲಿದ ನೀರು 100 ಗ್ರಾಂ. ಮೂರು ಸಲ ಮಾಡಿ ಮೂರು ಸಲವೂ ಅದನ್ನೇ ಬರೆದ. ನಾನು ಕೆಂಪು ಶಾಯಿಯಲ್ಲಿ 160ನ್ನು ಹೊಡೆದು 150 ಮಾಡಿ, "ಸರಿಯಾಗಿ ಬರೆ" ಎಂದು ಷರಾ ಹಾಕಿ, ಹತ್ತರಲ್ಲಿ ಆರು ಅಂಕ ಕೊಟ್ಟಿದ್ದೆ. ಪಕ್ಕದ ಬೆಂಚಿನವನು ಪುಸ್ತಕ ನೋಡಿ 150 ಎಂದು ಬರೆದು ಒಂಬತ್ತು ಪಡೆದಿದ್ದ.

"ನಿಮ್ಮ ಮೇಲೆ ದೂರಲ್ಲ ಸರ್" ಎಂದ. ದೂರೇ ಅದು, ನ್ಯಾಯವಾದ ದೂರು. ಆ ತ್ರಾಸು ಕೆಟ್ಟಿದೆ ಎಂದು ನನಗೂ ಗೊತ್ತಿತ್ತು. ಇನ್ಸ್‌ಪೆಕ್ಟರು ಬರುವ ವಾರ. ಎಲ್ಲರ ದಾಖಲೆ ಪುಸ್ತಕಗಳಲ್ಲಿ ಎಡಬಲ ಸಮ ಬಂದಿರಬೇಕು. ಹೊಸ ತ್ರಾಸು ಬೇಕೆಂದು ಬರೆದ ಅರ್ಜಿಗೆ ಉತ್ತರ ಬರದೆ ಎರಡು ವರ್ಷವಾಗಿತ್ತು. ಇವೆಲ್ಲ ನೆವಗಳು. ಸಿಕ್ಕಿಕೊಂಡ ಮುಳ್ಳನ್ನು ಮೂರು ಸಲ ನಿಷ್ಠೆಯಿಂದ ಓದಿದ ಒಬ್ಬನೇ ಹುಡುಗನಿಗೆ ನಾನು ಕಲಿಸಿದ್ದು ಏನೆಂದರೆ, ಕಾಲಂ ಕೇಳುವ ಅಂಕಿಯನ್ನು ಬರೆಯಬೇಕು ಎಂದು.

ಈ ವಿಷಯವನ್ನು ಹೇಳಿದಾಗ ನನ್ನ ಹಳೆಯ ಸಹೋದ್ಯೋಗಿಯೊಬ್ಬರು ನಕ್ಕರು. "ಸಮುದ್ರದ ನಡುವೆ ಗೇಜ್ ಕೆಟ್ಟರೆ ನೌಕೆ ನಿಲ್ಲಿಸಿ ಕೂರಲಾಗುತ್ತದೆಯೇ? ಅಂದಾಜಿನಲ್ಲಿ ನಡೆಸಲೇಬೇಕು" ಎಂದರು. ಅದನ್ನು ನಾನು ಪೂರ್ತಿ ಒಪ್ಪುತ್ತೇನೆ. ಗೇಜ್ ಇಲ್ಲದೆಯೂ ಬ್ಯಾಕ್‌ಸ್ಟೇ ಬಿಗಿಯಬಹುದು. ಸಿಲಿಂಡರಿನಿಂದ ದಂಡ ಎಷ್ಟು ಹೊರಗಿದೆ ಎಂದು ಅಳೆದು, ಗೇಜ್ ಚೆನ್ನಾಗಿದ್ದ ದಿನ ಗುರುತು ಮಾಡಿಟ್ಟ ಗೆರೆಗೆ ಹೋಲಿಸಬಹುದು. ಮುಂದಿನ ಹಗ್ಗ ಎಷ್ಟು ಜೋಲುತ್ತಿದೆ ಎಂದು ಕೆಳಗಿನಿಂದ ಕಣ್ಣಿಟ್ಟು ನೋಡಬಹುದು. ತಂತಿಯ ಬಿಗಿತ ಅಳೆಯುವ ಬೇರೆ ಸಾಧನಗಳೂ ಇವೆ. ನಮ್ಮ ಕರಾವಳಿಯ ಹಾಯಿದೋಣಿಯ ತಾಂಡೇಲರು ಯಾವ ಗೇಜ್ ನೋಡಿ ಹಗ್ಗ ಬಿಗಿಯುತ್ತಿದ್ದರು? ಅಂದಾಜಿಗೆ ನನ್ನ ತಕರಾರಿಲ್ಲ. ಅಂದಾಜನ್ನು ಅಂದಾಜು ಎಂದೇ ಬರೆಯಬೇಕು. ನೋಡದ್ದನ್ನು ನೋಡಿಲ್ಲ ಎಂದೇ ಬರೆಯಬೇಕು. ಖಾಲಿ ಬಿಟ್ಟ ಕಾಲಂ ಮುಂದಿನವನನ್ನು ನಿಲ್ಲಿಸಿ ಪ್ರಶ್ನೆ ಕೇಳಿಸುತ್ತದೆ. ತುಂಬಿದ ಕಾಲಂ ಅವನ ಕೈಗೆ ಸ್ಪ್ಯಾನರ್ ಕೊಡುತ್ತದೆ.

ಕೆಟ್ಟಿದೆ ಎಂದು ತಿಳಿದ ಉಪಕರಣವನ್ನು ಸ್ವಲ್ಪ ಹೊತ್ತಿನ ಬಳಿಕ ನಾವು ಮತ್ತೆ ನಂಬುತ್ತೇವೆ ಎಂಬುದು ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸುವ ಸಂಗತಿ. 1996ರ ಫೆಬ್ರವರಿ 6ರ ರಾತ್ರಿ ಡೊಮಿನಿಕನ್ ಗಣರಾಜ್ಯದ ಪ್ವೆರ್ತೊ ಪ್ಲಾತಾದಿಂದ ಬರ್ಗನ್‌ಏರ್ ಸಂಸ್ಥೆಯ ಬೋಯಿಂಗ್ 757 ವಿಮಾನ ಹೊರಟಿತು. ವೇಗ ಅಳೆಯುವ ಕೊಳವೆಗಳಲ್ಲಿ ಒಂದು ಮುಚ್ಚಿಹೋಗಿತ್ತು, ಬಹುಶಃ ಕಣಜದ ಗೂಡಿನಿಂದ. ತನ್ನ ಬದಿಯ ವೇಗಮಾಪಕ ಕೆಲಸ ಮಾಡುತ್ತಿಲ್ಲ ಎಂದು ಓಡುದಾರಿಯಲ್ಲಿ ಓಡುತ್ತಿರುವಾಗಲೇ ಕಪ್ತಾನನಿಗೆ ತಿಳಿದಿತ್ತು. ಆದರೂ ಹಾರಿಸಿದ. ಮೇಲೇರಿದಂತೆ ಹೊರಗಿನ ಗಾಳಿಯ ಒತ್ತಡ ಇಳಿದು, ಮುಚ್ಚಿದ ಕೊಳವೆಯೊಳಗಿನದು ಹಾಗೆಯೇ ಉಳಿದು, ಸತ್ತಂತಿದ್ದ ಮಾಪಕಕ್ಕೆ ಜೀವ ಬಂದ ಹಾಗಾಯಿತು. ಇಲ್ಲದ ವೇಗವನ್ನು ತೋರಿಸತೊಡಗಿತು. ಸ್ವಯಂಚಾಲಕ ಅದನ್ನೇ ನಂಬಿ ಮೂತಿಯನ್ನು ಮೇಲೆತ್ತಿತು. ವೇಗ ತೀರ ಕುಂದಿ ವಿಮಾನ ಅಟ್ಲಾಂಟಿಕ್ ಸಮುದ್ರಕ್ಕೆ ಬಿತ್ತು. ಇದ್ದ 189 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಪಕ್ಕದ ಸಹಚಾಲಕನ ಮುಂದಿದ್ದ ಮಾಪಕ ಸರಿಯಾಗಿತ್ತು.

ನಮ್ಮ ಹುಡುಗ ಈಗ ಏನು ಮಾಡಿದ್ದಾನೆ ಎಂಬುದನ್ನೂ ಹೇಳುತ್ತೇನೆ. ಸೊನ್ನೆಯಿಂದ 400ರವರೆಗಿನ ಗೇಜ್ ಹಾಕಿದ್ದಾನೆ, ಒಡೆದರೆ ಬೆನ್ನಿನ ಕಡೆಗೆ ಬಿಚ್ಚಿಕೊಂಡು ಮುಖವನ್ನು ಕಾಯುವ ಬಗೆಯದು. ಕುತ್ತಿಗೆಯಲ್ಲಿ ಸ್ನಬ್ಬರ್, ಅದರ ಕೆಳಗೊಂದು ಮುಚ್ಚುವ ಕವಾಟ. ಪಕ್ಕದಲ್ಲಿ ಪರೀಕ್ಷೆಯ ಬಾಯೊಂದನ್ನು ಬಿಟ್ಟಿದ್ದಾನೆ. ತಿಂಗಳಿಗೊಮ್ಮೆ ಪೆಟ್ಟಿಗೆಯಲ್ಲಿಟ್ಟ ಎರಡನೆಯ ಗೇಜನ್ನು ಅಲ್ಲಿಗೆ ಜೋಡಿಸಿ ಎರಡೂ ಒಂದೇ ಮಾತು ಹೇಳುತ್ತವೆಯೇ ಎಂದು ನೋಡುತ್ತಾನೆ. ಬಿಡುಗಡೆಯ ಕವಾಟವನ್ನು ನಿಧಾನವಾಗಿ ತಿರುಗಿಸಬೇಕೆಂದು ಡೆಕ್ಕಿನವರಿಗೆ ತಾಕೀತು ಮಾಡಿದ್ದಾನೆ. ಎಣ್ಣೆಯನ್ನು ಪೂರ್ತಿ ಬದಲಾಯಿಸಿ ಸೋಸಿಸಿದ್ದಾನೆ. ಇಷ್ಟಕ್ಕೂ ಕಪ್ತಾನ ಗೊಣಗಿದನಂತೆ, ಆದರೆ ಹರಿದ ಕೈಗವಸನ್ನು ಮೇಜಿನ ಮೇಲಿಟ್ಟಾಗ ಸಹಿ ಹಾಕಿದನಂತೆ. ನಮೂನೆಯಲ್ಲಿ ಎರಡು ಕಾಲಂಗಳನ್ನು ಹೊಸದಾಗಿ ಸೇರಿಸಿದ್ದಾನೆ. ಒಂದು, ಹಗ್ಗವನ್ನು ಕೈಯಿಂದ ಅದುಮಿ ನೋಡಿದವರು ಯಾರು ಎಂದು. ಇನ್ನೊಂದು, ಗೇಜ್ ನಂಬಲರ್ಹವೇ, ಅಲ್ಲವೇ ಎಂದು.

ಸತ್ತ ಗೇಜ್ ಈಗ ನನ್ನ ಮೇಜಿನ ಮೇಲಿದೆ. ಕಾಗದ ಹಾರದಂತೆ ಒತ್ತಿಡಲು ಅನುಕೂಲ.

1992-93ರಲ್ಲಿ ಒಂಬತ್ತನೆಯ ತರಗತಿಯಲ್ಲಿದ್ದವರು ಇದನ್ನು ಓದುತ್ತಿದ್ದರೆ, ಅಟ್ಟದ ಮೇಲೆಲ್ಲಾದರೂ ವಿಜ್ಞಾನದ ದಾಖಲೆ ಪುಸ್ತಕ ಉಳಿದಿದ್ದರೆ, ಏಳನೆಯ ಪ್ರಯೋಗದ ಪುಟ ತೆಗೆದು ನೋಡಿ. ಕೆಂಪು ಶಾಯಿಯಲ್ಲಿ ನಾನು ತಿದ್ದಿದ ಅಂಕಿಗಳು ಇನ್ನೂ ಎಷ್ಟು ಜನರಲ್ಲಿ ಇವೆಯೋ! ಇವನ ಪುಸ್ತಕವನ್ನು ಅವನ ತಾಯಿ ಮರದ ಪೆಟ್ಟಿಗೆಯಲ್ಲಿ ಜೋಪಾನ ಮಾಡಿದ್ದಾರಂತೆ. ಚೌತಿಗೆ ಊರಿಗೆ ಬಂದಾಗ ತರುತ್ತೇನೆ ಎಂದಿದ್ದಾನೆ. 160ನ್ನು ಮತ್ತೆ ಅದರ ಜಾಗದಲ್ಲಿ ಬರೆದು, ಬಿಟ್ಟುಹೋದ ನಾಲ್ಕು ಅಂಕಗಳನ್ನು ಸೇರಿಸಿ ಸಹಿ ಹಾಕಬೇಕು. ಹಸಿರು ಶಾಯಿಯ ಪೆನ್ನೊಂದನ್ನು ತರಿಸಿಟ್ಟಿದ್ದೇನೆ.